ಕಪಾಟಿನ ರೈಲು, ಪೆಟ್ಟಿಗೆಯ ರೈಲು

1891ರಲ್ಲಿ ಜರ್ಮನಿಯ ಲೈಪ್‌ಜಿಗ್ ಮೇಳದಲ್ಲಿ ಮಾರ್ಕ್ಲಿನ್ ಕಂಪನಿ ಆಟಿಕೆ ರೈಲಿನ ಹಳಿಗಳಿಗೆ ಗೊತ್ತಾದ ಅಳತೆಗಳನ್ನು ತಂದಿತು. ಅಲ್ಲಿಂದಾಚೆಗೆ ಈ ಹಬ್ಬಕ್ಕೊಂದು ಎಂಜಿನ್, ಮುಂದಿನ ಹಬ್ಬಕ್ಕೊಂದು ಬೋಗಿ, ಆಮೇಲೊಂದು ಸೇತುವೆ ಎಂದು ಕೂಡಿಸುತ್ತಾ ಹೋಗಲು ಸಾಧ್ಯವಾಯಿತು. ಎಲ್ಲವೂ ಒಂದೇ ಹಳಿಗೆ ಹೊಂದುತ್ತಿದ್ದವು. ಆಟಿಕೆ ಸಂಗ್ರಹವಾಗಿ ಬೆಳೆದದ್ದು ಹೀಗೆ. ಸಂಗ್ರಹ ಬೆಳೆದ ಮನೆಯಲ್ಲಿ ಒಂದು ಪ್ರಶ್ನೆಯೂ ಬೆಳೆಯುತ್ತದೆ: ಎಲ್ಲವನ್ನೂ ಕಣ್ಣೆದುರಿಗೆ ಇಡಬೇಕೆ, ಒಳಗೆ ಎತ್ತಿಡಬೇಕೆ? ಕೆಲವನ್ನಷ್ಟೇ ಹೊರಗಿಟ್ಟು, ಉಳಿದವನ್ನು ಕತ್ತಲಲ್ಲಿ ಜೋಪಾನ ಮಾಡಿ, ಸರದಿಯಂತೆ ಬದಲಿಸುತ್ತಾ ಹೋಗಬೇಕು ಎಂದು ನಾನು ನಂಬುತ್ತೇನೆ.

ಜಾಗದ ಲೆಕ್ಕವೇ ಇದಕ್ಕೆ ಮೊದಲ ಸಾಕ್ಷಿ. ಹೆಚ್ಚು ಬಳಕೆಯಲ್ಲಿರುವ ಎಚ್‌ಓ ಅಳತೆಯಲ್ಲಿ ರೈಲು ನಿಜದ ಗಾತ್ರದ 87ರಲ್ಲಿ ಒಂದು ಪಾಲು. 21 ಮೀಟರ್ ಉದ್ದದ ಬೋಗಿ ಅಲ್ಲಿ ಸುಮಾರು 24 ಸೆಂಟಿಮೀಟರ್. ಹತ್ತು ಬೋಗಿಯ ಒಂದೇ ಗಾಡಿ ಎರಡೂವರೆ ಮೀಟರ್ ಗೋಡೆಯನ್ನು ಕೇಳುತ್ತದೆ. ಇದಕ್ಕಿಂತ ದೊಡ್ಡ ಸಾಕ್ಷಿ ಬೆಳಕು. ಬಣ್ಣವನ್ನು ಮಾಸಿಸುವುದು ಬೆಳಕಿನ ತೀಕ್ಷ್ಣತೆಯೊಂದೇ ಅಲ್ಲ, ಅದು ಬಿದ್ದ ಒಟ್ಟು ಹೊತ್ತು ಕೂಡ. ಒಮ್ಮೆ ಮಾಸಿದ ಬಣ್ಣ ಮತ್ತೆ ಮರಳುವುದಿಲ್ಲ. ಅದಕ್ಕೇ ವಸ್ತುಸಂಗ್ರಹಾಲಯಗಳು ಕಾಗದ, ಬಟ್ಟೆಯಂಥ ನಾಜೂಕಿನ ವಸ್ತುಗಳಿಗೆ ಸುಮಾರು 50 ಲಕ್ಸ್ ಬೆಳಕು ಸಾಕೆಂದು ಮಿತಿ ಹಾಕಿಕೊಳ್ಳುತ್ತವೆ, ಆ ವಸ್ತುಗಳನ್ನೂ ಕೆಲವು ತಿಂಗಳಿಗೊಮ್ಮೆ ಒಳಗೊಯ್ದು ವಿಶ್ರಾಂತಿ ಕೊಡುತ್ತವೆ. ವರ್ಷದಲ್ಲಿ ಮೂರು ತಿಂಗಳಷ್ಟೇ ಕಪಾಟಿನಲ್ಲಿ ನಿಂತ ಎಂಜಿನ್ನಿಗೆ, ವರ್ಷವಿಡೀ ನಿಂತದ್ದಕ್ಕಿಂತ ಮುಕ್ಕಾಲು ಪಾಲು ಕಡಿಮೆ ಬೆಳಕು ತಗಲುತ್ತದೆ.

ಗಾಜಿನ ಕಪಾಟಿದ್ದರೆ ಸಾಲದೇ ಎಂದು ಕೇಳಬಹುದು. ಗಾಜು ಧೂಳನ್ನು ತಡೆಯುತ್ತದೆ, ಕಿಟಕಿಯ ಬಿಸಿಲನ್ನು ಪೂರ್ತಿ ತಡೆಯುವುದಿಲ್ಲ. ಹಾಗೆಂದು ಪೆಟ್ಟಿಗೆಗೆ ಹಾಕಿದ ಮಾತ್ರಕ್ಕೆ ಜೋಪಾನವಾಯಿತು ಎನ್ನುವಂತೆಯೂ ಇಲ್ಲ. 1930ರ ದಶಕದ, ಹಾರ್ನ್‌ಬಿ ಹೆಸರಿನ ಹಲವು ಆಟಿಕೆ ರೈಲುಗಳ ಸತುವಿನ ಎರಕದಲ್ಲಿ ಸೀಸದ ಕಲ್ಮಶ ಸೇರಿತ್ತು. ಅಂಥ ಲೋಹ ಒಳಗಿಂದೊಳಗೆ ಬಿರಿದು, ಉಬ್ಬಿ, ಪುಡಿಯಾಗುತ್ತದೆ. ಸೆಕೆ ಮತ್ತು ತೇವ ಅದನ್ನು ಚುರುಕುಗೊಳಿಸುತ್ತವೆ. ಆದ್ದರಿಂದ ಕಾದು ಬೇಯುವ ಅಟ್ಟವೂ ಮಳೆಗಾಲದಲ್ಲಿ ಬೆವರುವ ಗೋಡೆಯ ಪಕ್ಕವೂ ಬೇಡ. ಸ್ಪಂಜಿನ ಹಾಸು ಹಳತಾದಂತೆ ಅಂಟಂಟಾಗಿ ಬಣ್ಣಕ್ಕೆ ಹತ್ತಿಕೊಳ್ಳುತ್ತದೆ; ಅದರ ಬದಲು ಆಮ್ಲವಿಲ್ಲದ ತೆಳು ಕಾಗದ ಸುತ್ತಿ, ಸಿಲಿಕಾ ಜೆಲ್ ಇಟ್ಟು, ಯಾವುದರೊಳಗೆ ಏನಿದೆ ಎಂಬ ಚೀಟಿ ಅಂಟಿಸಬೇಕು.

ಓಡುವುದಕ್ಕೆಂದೇ ಹುಟ್ಟಿದ್ದನ್ನು ಮುಚ್ಚಿಡುವುದು ಯಾವ ನ್ಯಾಯ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಅದರಲ್ಲಿ ಸತ್ಯವಿದೆ. ವರ್ಷಗಟ್ಟಲೆ ಓಡದ ಮೋಟರಿನಲ್ಲಿ ಎಣ್ಣೆ ಗಟ್ಟಿಯಾಗುತ್ತದೆ, ಗಾಲಿಗಳು ಬಿಗಿಯುತ್ತವೆ. ಆದರೆ ಕಪಾಟಿನಲ್ಲಿ ಸದಾ ನಿಂತ ಎಂಜಿನ್ನೂ ಓಡುವುದಿಲ್ಲವಲ್ಲ! ಸರದಿಯಿದ್ದಾಗ ಪ್ರತಿಯೊಂದೂ ಒಮ್ಮೆ ಕೈಗೆ ಬರುತ್ತದೆ; ಒರೆಸಿ, ಒಂದು ಹನಿ ಎಣ್ಣೆ ಬಿಟ್ಟು, ಹಳಿಯ ಮೇಲೆ ನಾಲ್ಕು ಸುತ್ತು ಓಡಿಸಿ ನೋಡುವ ಸಂದರ್ಭ ಸಿಗುತ್ತದೆ. ಬಿರುಕು ಬಿಟ್ಟಿದ್ದರೆ ಆಗಲೇ ಕಣ್ಣಿಗೆ ಬೀಳುತ್ತದೆ.

ಈ ವಿವೇಕ ನಮ್ಮ ಮನೆಗಳಿಗೆ ಹೊಸದಲ್ಲ. ನವರಾತ್ರಿಯಲ್ಲಿ ಮೆಟ್ಟಿಲ ಮೇಲೆ ಕೂರುವ ಪಟ್ಟದ ಗೊಂಬೆಗಳು ಹಬ್ಬ ಮುಗಿದ ಮೇಲೆ ಬಟ್ಟೆಯೊಳಗೆ ಸುತ್ತಿಸಿಕೊಂಡು ಪೆಟ್ಟಿಗೆ ಸೇರುತ್ತವೆ. ಅಜ್ಜಿಯ ಗೊಂಬೆ ಮೊಮ್ಮಗಳ ಕಾಲಕ್ಕೂ ಉಳಿದಿರುವುದು ಹಾಗೆ ಎತ್ತಿಟ್ಟ ಕೈಗಳಿಂದ. ವರ್ಷಪೂರ್ತಿ ಎದುರಿಗಿದ್ದರೆ ಆ ಗೊಂಬೆಗಳು ಗೋಡೆಯ ಭಾಗವಾಗಿಬಿಡುತ್ತಿದ್ದವು. ಪೆಟ್ಟಿಗೆ ತೆರೆಯುವ ದಿನವೂ, ಆಗ ಸುತ್ತ ಮುತ್ತಿಕೊಳ್ಳುವ ಮಕ್ಕಳೂ ಇರುತ್ತಿರಲಿಲ್ಲ. ಪುಟ್ಟ ರೈಲಿಗೂ ಅಂಥದ್ದೊಂದು ದಿನ ಇರಲಿ. ಕಪಾಟಿನಲ್ಲಿ ಇಂದು ಎರಡೇ ಎಂಜಿನ್ ಇರಲಿ, ಅವುಗಳನ್ನು ಕಣ್ತುಂಬ ನೋಡೋಣ. ಉಳಿದವು ಒಳಗೆ ತಂಪಾಗಿ ತಮ್ಮ ಸರದಿ ಕಾಯಲಿ.