ಕೆರೆಯ ಹಾಜರಿ



ಸಾಫ್ಟ್‌ವೇರ್ ಉದ್ಯೋಗದ ಬಗ್ಗೆ ಮಾತಾಡಬೇಕೆಂದು ಕೇಳಿದ್ದರು. ಕ್ಷಮಿಸಿ, ನಾನು ನಮ್ಮ ಮೆಲ್ಕಾರಿನ ಗದ್ದೆಬದಿಯ ಕೆರೆಯ ಬಗ್ಗೆ ಎರಡು ಮಾತು ಹೇಳುತ್ತೇನೆ.

2023ರ ಫೆಬ್ರವರಿ 18, ಶಿವರಾತ್ರಿ ರಜೆ. ಬೆಂಗಳೂರಿನಿಂದ ಮನೆಗೆ ಬಂದಿದ್ದೆ. ಆಗ ನಾಲ್ಕು ದಿನ ಜಗತ್ತಿನಾದ್ಯಂತ 'ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್' ನಡೆಯುತ್ತಿತ್ತು. 1998ರಲ್ಲಿ ಅಮೆರಿಕದಲ್ಲಿ ಆರಂಭವಾದ ಈ ಹಕ್ಕಿ ಎಣಿಕೆಗೆ ನಮ್ಮ ದೇಶ 2013ರಲ್ಲಿ ಸೇರಿತು. ನಿಯಮ ಸರಳ. ಒಂದು ಜಾಗದಲ್ಲಿ ಕನಿಷ್ಠ 15 ನಿಮಿಷ ಹಕ್ಕಿಗಳನ್ನು ಗಮನಿಸಿ, ಕಂಡದ್ದನ್ನೂ ದನಿ ಕೇಳಿ ಗುರುತಿಸಿದ್ದನ್ನೂ 'ಇ-ಬರ್ಡ್'ನಲ್ಲಿ ದಾಖಲಿಸಬೇಕು.

ನೆರೆಮನೆಯ ಎಂಟನೇ ಕ್ಲಾಸಿನ ಹುಡುಗನೊಂದಿಗೆ ಬೆಳಿಗ್ಗೆ ಏಳಕ್ಕೆ ಕೆರೆಗೆ ಹೋದೆ. ನೀರುಕಾಗೆ ನಾಲ್ಕು, ಕೊಳದ ಬಕ ಆರು, ಹುಂಡುಕೋಳಿ ಎರಡು, ಮಿಂಚುಳ್ಳಿ ಒಂದು. ಪೊದೆಯೊಳಗೆ ಕೆಂಬೂತ ಕೂಗಿತು, ಅದನ್ನೂ ಬರೆದೆವು.

ನಾನು ಶಾಲೆಗೆ ಹೋಗುವಾಗ ಅಲ್ಲಿ ಶಿಳ್ಳೆ ಬಾತುಗಳು ಹಿಂಡು ಹಿಂಡಾಗಿ ಇಳಿಯುತ್ತಿದ್ದವು. ಅಂದು ಒಂದೂ ಇರಲಿಲ್ಲ. "ಎರಡಾದರೂ ಬರೆಯುವನಾ?" ಎಂದೆ. ಹುಡುಗ ನನ್ನ ಮುಖ ನೋಡಿ, "ಬಾರದವರಿಗೆ ಹಾಜರಿ ಹಾಕ್ಲಿಕ್ಕುಂಟಾ ಅಣ್ಣ?" ಎಂದ. ನನಗೆ ನಾಚಿಕೆಯಾಯಿತು.

ಅವನು ಹೇಳಿದ್ದು ಸರಿ. ಅದು ಕೆರೆಯ ಹಾಜರಿಯೇ. ಒಂದು ದಿನದ ಗೈರುಹಾಜರಿಯಿಂದ ಏನೂ ತಿಳಿಯುವುದಿಲ್ಲ, ಬಾತು ಅಂದು ಬೇರೆ ಕೆರೆಗೆ ಹೋಗಿರಬಹುದು. ವರ್ಷ ವರ್ಷವೂ ಅದೇ ದಿನಗಳಲ್ಲಿ ಎಣಿಸಿದರೆ ಮಾತ್ರ ಆ ಸೊನ್ನೆಗೆ ಅರ್ಥ ಬರುತ್ತದೆ. ಅದೇ ವರ್ಷ ಆಗಸ್ಟಿನಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ ಬಂತು. 942 ಪ್ರಭೇದಗಳ ಆ ವರದಿಗೆ ಆಧಾರ ಸುಮಾರು 30,000 ಪಕ್ಷಿವೀಕ್ಷಕರು ಬರೆದಿಟ್ಟ 3 ಕೋಟಿ ದಾಖಲೆಗಳು. ಅವರಲ್ಲಿ ಹೆಚ್ಚಿನವರು ನಮ್ಮ ನಿಮ್ಮಂಥವರೇ.

ನಮ್ಮೂರಲ್ಲಿ ಹೆದ್ದಾರಿ ಅಗಲವಾಗುತ್ತಿದೆ, ಗದ್ದೆಗಳು ಸೈಟುಗಳಾಗುತ್ತಿವೆ. ನಾಳೆ ಯಾರಾದರೂ "ಈ ಕೆರೆಯಲ್ಲಿ ಏನಿತ್ತು ಮಹಾ?" ಎಂದು ಕೇಳಿದರೆ ತೋರಿಸಲು ನಮ್ಮ ಕೈಯಲ್ಲೊಂದು ಪುಸ್ತಕ ಬೇಡವೇ?

2024ರಲ್ಲಿ ನನಗೆ ರಜೆ ಸಿಗಲಿಲ್ಲ. ಎಣಿಕೆ ತಪ್ಪಿತು. ದೂರದಲ್ಲಿರುವವನಿಂದ ಆಗುವ ಕೆಲಸ ಇದಲ್ಲ, ಇಲ್ಲೇ ಇರುವ ನೀವು ಮಾಡಬೇಕು. ಆದ್ದರಿಂದ ಒಂದು ಬೈನಾಕ್ಯುಲರ್ ಮತ್ತು ಒಂದು ನೋಟ್‌ಬುಕ್ ತಂದಿದ್ದೇನೆ, ಶಾಲೆಗೆ ಒಪ್ಪಿಸುತ್ತೇನೆ. ಮೊದಲ ಪುಟದಲ್ಲಿ ಅಂದಿನ ಪಟ್ಟಿ ಇದೆ. ಎರಡನೇ ಪುಟ ಖಾಲಿ, ಅದು ನನ್ನ ಗೈರುಹಾಜರಿ. ಮೂರನೇ ಪುಟ ನಿಮ್ಮದು, ಮಕ್ಕಳೇ. ಬಂದವರಿಗೆ ಮಾತ್ರ ಹಾಜರಿ ಹಾಕಿ.