ಬಿದಿರಿಗೆ ಸಾಲ ತೆಗೆಯುವ ಮೊದಲು

(ಅಥಣಿ ರಸ್ತೆಯ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ಹೋದ ಸಭೆಯಲ್ಲಿ ಮೂರು ಸಂಘದವರು ಒಂದೇ ಮಾತು ಕೇಳಿದಿರಿ: "ಸಿಸ್ಟರ್, ಬಿದಿರಿನ ಸಾಮಾನು ಮಾಡಾಕ ಸಾಲ ತಗೊಳ್ಳೋಣೇನ್ರಿ?" ಹೌದು ಅನ್ನುವ ಮೊದಲು ಕೆಲವು ವಿಷಯ ತಿಳಿಯಬೇಕು.

ಬಿದಿರು ಮರವಲ್ಲ, ಹುಲ್ಲು. ನಮ್ಮ ಜೋಳ, ಕಬ್ಬಿನ ಬಳಗದ್ದು. ಮೆಳೆಯಲ್ಲಿ ಬಲಿತ ಗಳ ಕಡಿದರೆ ಮಳೆಗಾಲದಲ್ಲಿ ಹೊಸ ಕಳಲೆ ಏಳುತ್ತದೆ. ಬುಟ್ಟಿ ಹಳತಾದರೆ ಒಲೆಗೆ ಇಲ್ಲವೆ ತಿಪ್ಪೆಗೆ. ಒಡೆದ ಪ್ಲಾಸ್ಟಿಕ್ ಬುಟ್ಟಿ ಮಾತ್ರ ಗಟಾರದಲ್ಲೇ ಬಿದ್ದಿರುತ್ತದೆ. ಬಿಸಿ ರೊಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬೆವರುತ್ತದೆ, ಬಿದಿರ ಬುಟ್ಟಿಯಲ್ಲಿ ಬೆವರುವುದಿಲ್ಲ. ಇದನ್ನು ನಾನು ನಿಮಗೆ ಹೇಳಬೇಕೇ?

ಆದರೆ ಬಿದಿರು ಅಂತ ಬರೆದದ್ದೆಲ್ಲ ಬಿದಿರಲ್ಲರೀ. ಪೇಟೆಯ "ಬಿದಿರು ಬಟ್ಟೆ" ಬಹುತೇಕ ರಾಸಾಯನಿಕದಲ್ಲಿ ಕರಗಿಸಿ ತೆಗೆದ ನೂಲು. ಕೆಲವು "ಬಿದಿರು ಕಪ್ಪು"ಗಳಲ್ಲಿ ಬಿದಿರಿನ ಪುಡಿಯನ್ನು ಮೆಲಮೈನ್ ಅಂಟಿನಲ್ಲಿ ಕಲಸಿರುತ್ತಾರೆ. ಅದರಲ್ಲಿ ಬಿಸಿ ಚಹಾ ಬ್ಯಾಡ.

ಈ ಕೆಲಸ ಇಂದಿನದಲ್ಲ. ಬಸವಣ್ಣನವರ ಕಾಲದ ಶರಣ ಮೇದಾರ ಕೇತಯ್ಯ ಬುಟ್ಟಿ, ಮರ ಹೆಣೆದೇ ಕಾಯಕ ಮಾಡಿದವರು. ನಮ್ಮ ಸಂಘಗಳಲ್ಲೂ ಮೇದಾರ ಮನೆಯ ಅಕ್ಕಂದಿರು ಇದ್ದೀರಿ. ನಿಮ್ಮವರು ಹಿಂದೆ ಪಟ್ಟ ಕಷ್ಟ ಎಲ್ಲರಿಗೂ ಗೊತ್ತಿರಲಿ. ದಾಂಡೇಲಿಯ ಕಾಗದ ಕಾರ್ಖಾನೆಗೆ ಉತ್ತರ ಕನ್ನಡದ ಕಾಡಿನ ಬಿದಿರು ಅತಿ ಅಗ್ಗದ ದರದಲ್ಲಿ ಹೋಗುತ್ತಿತ್ತು, ಬುಟ್ಟಿ ಹೆಣೆಯುವವರಿಗೆ ಗಳವೇ ಸಿಗದಂತಾಯಿತು. ಮೇದಾರರು ಸರ್ಕಾರಕ್ಕೆ ದೂರಿದರು. 1970ರ ದಶಕದಲ್ಲಿ ವಿಜ್ಞಾನಿ ಮಾಧವ ಗಾಡ್ಗೀಳ್ ಅಧ್ಯಯನಕ್ಕೆ ಬಂದರು. ಮೆಳೆ ಚೆನ್ನಾಗಿ ಬೆಳೆಯಲಿ ಅಂತ ಅರಣ್ಯ ಇಲಾಖೆಯವರು ಬುಡದ ಮುಳ್ಳು ಸವರಿಸುತ್ತಿದ್ದರು. "ಮುಳ್ಳು ಇದ್ದರೇ ಕಳಲೆ ಉಳಿಯುತ್ತದೆ, ಇಲ್ಲದಿದ್ದರೆ ದನ ತಿನ್ನುತ್ತವೆ" ಎಂದು ಹಳ್ಳಿಯವರು ಹೇಳಿದರು. ಗಾಡ್ಗೀಳರು ಪರೀಕ್ಷಿಸಿದಾಗ ಹಳ್ಳಿಯವರ ಮಾತೇ ಖರೆ ಆಯಿತು.

ಈಗ ಕಾನೂನು ಬದಲಾಗಿದೆ. 1927ರ ಅರಣ್ಯ ಕಾಯ್ದೆ ಬಿದಿರನ್ನು ಮರವೆಂದೇ ಲೆಕ್ಕ ಹಿಡಿದಿತ್ತು. 2017ರ ತಿದ್ದುಪಡಿಯಲ್ಲಿ ಅದನ್ನು ಮರದ ಪಟ್ಟಿಯಿಂದ ತೆಗೆದರು. ರೈತರ ಹೊಲದ ಬಿದಿರಿಗೆ ಇದರಿಂದ ಅನುಕೂಲ. ಕಾಡಿನ ಬಿದಿರಿಗೆ ಅನುಮತಿ ಬೇಕೇ ಬೇಕು. ಹೊಲದಿಂದ ಗಳ ತರುವಾಗ ರೈತರ ಉತಾರದ ಪ್ರತಿ ಗಾಡಿಯಲ್ಲಿ ಇಟ್ಟುಕೊಳ್ಳಿ. ದಾರಿಯಲ್ಲಿ ತಕರಾರು ಬಂದರೆ ತೋರಿಸಲು ಇರಲಿ.

ನಮ್ಮ ತಿಕೋಟಾ, ಬಬಲೇಶ್ವರದ ಕಡೆ ಬಿದಿರು ಕಾಡಿಲ್ಲ. ಹೊರಗಿನಿಂದ ಒಂದೊಂದೇ ಗಳ ಕೊಂಡರೆ ಲಾಭ ವ್ಯಾಪಾರಿಗೆ. ಆದ್ದರಿಂದ ನನ್ನ ಅಭಿಪ್ರಾಯ ಹೀಗೆ: ಹತ್ತು ದಿನದ ತರಬೇತಿಯಿಂದ ಯಾರೂ ಮೇದಾರರಾಗುವುದಿಲ್ಲ. ಎಲ್ಲರೂ ಸಾಲ ತಗೊಂಡು ಬುಟ್ಟಿಗೆ ಕೂತರೆ ಕಸುಬು ಗೊತ್ತಿದ್ದವರ ಹೊಟ್ಟೆ ಮೇಲೆ ಹೊಡೆದಂತೆ. ಹೆಣೆಯುವುದು ಅವರು ಮಾಡಲಿ, ಸರಿಯಾದ ಕೂಲಿ ಸಿಗಲಿ. ಉಳಿದ ಸಂಘದವರು ಒಟ್ಟಿಗೆ ಗಳ ತರಿಸುವುದು, ಮಾರುವುದು, ಲೆಕ್ಕ ಇಡುವುದು ಮಾಡಿ. ಒಣದ್ರಾಕ್ಷಿಗೆ ಸಣ್ಣ ಮುಚ್ಚಳದ ಬುಟ್ಟಿ ಹೆಣೆಸಿ ನೋಡಬಹುದು. ದ್ರಾಕ್ಷಿ ನಮ್ಮ ಕಣ್ಣೆದುರೇ ಇದೆ.

ಗಳ ಕೊಳ್ಳುವಾಗ ಎಳೆಯದು ಬ್ಯಾಡ, ಮೂರು ವರ್ಷ ತುಂಬಿರಬೇಕು. ಚಳಿಗಾಲದಲ್ಲಿ ಕಡಿದದ್ದು ಒಳ್ಳೆಯದು. ಗಳದಲ್ಲಿರುವ ಹಿಟ್ಟಿನ ಅಂಶಕ್ಕೇ ನುಸಿ ಬರುವುದು. ಕೆಲವು ವಾರ ನೀರಲ್ಲಿ ನೆನೆಹಾಕಿ ನೆರಳಲ್ಲಿ ಒಣಗಿಸಿದರೆ ಅದು ಕಡಿಮೆಯಾಗುತ್ತದೆ. ನುಸಿ ಹತ್ತಿದ ಬುಟ್ಟಿ ಒಮ್ಮೆ ಮಾರಿದರೆ ಆ ಗಿರಾಕಿ ಮತ್ತೆ ಬರುವುದಿಲ್ಲ.

ಬದುವಿಗೆ ಹಚ್ಚುತ್ತೇವೆ ಅನ್ನುವವರು ನೀರಿನ ಲೆಕ್ಕ ಮೊದಲು ನೋಡಿ. ಮೊದಲ ಎರಡು ಬೇಸಿಗೆ ನೀರು ಹಾಕಬೇಕು, ಗಳ ಕಡಿಯಲು ನಾಲ್ಕೈದು ವರ್ಷ ಕಾಯಬೇಕು. ಪಕ್ಕದ ಹೊಲದವರನ್ನು ಕೇಳದೆ ಗಡಿಗೆ ಹಚ್ಚಬೇಡಿ, ಬೇರು ಆ ಕಡೆಯೂ ಹೋಗುತ್ತದೆ.

ಮುಂದಿನ ಸಭೆಗೆ ಮೇದಾರ ಅಕ್ಕಂದಿರು ಒಂದು ಗಳದಿಂದ ಎಷ್ಟು ಬುಟ್ಟಿ, ಎಷ್ಟು ದಿನದ ಕೆಲಸ ಎಂದು ಬರೆದು ತನ್ನಿ. ಉಳಿದವರು ಸಂತೆಯಲ್ಲಿ ಬುಟ್ಟಿಯ ದರ ಕೇಳಿಕೊಂಡು ಬನ್ನಿ. ಎರಡೂ ಲೆಕ್ಕ ಕೂಡಿಸಿ ನೋಡಿ, ಆಮೇಲೆ ಸಾಲದ ಅರ್ಜಿಗೆ ಕೈ ಹಾಕೋಣ.