ಹಲ್ಲು ಕಾಯುವ ಫ್ಲೋರೈಡ್, ಹಲ್ಲು ಕೆಡಿಸುವ ಫ್ಲೋರೈಡ್



ಹೊಲದ ಕೆಲಸ ಮುಗಿಸಿ, ಅಡುಗೆ ಮಾಡಿಟ್ಟು, ಮಕ್ಕಳಿಗೆ ಉಣಿಸಿ ಇಲ್ಲಿಗೆ ಬಂದಿದ್ದೀರಿ. ಇವತ್ತು ಹಲ್ಲಿನ ವಿಚಾರ ಮಾತಾಡೋಣ.

ಮೊದಲು ನಮ್ಮದೇ ಒಂದು ತಪ್ಪು ಹೇಳುತ್ತೇವೆ. ನಾವು ಶಾಲೆಯಲ್ಲಿ ಪಾಠ ಹೇಳುವವರು. ಬೆಳಿಗ್ಗೆ ಪ್ರಾರ್ಥನೆ ಆದ ಮೇಲೆ ಮಕ್ಕಳ ಉಗುರು ನೋಡುತ್ತೇವೆ, ಹಲ್ಲು ನೋಡುತ್ತೇವೆ. ಕೆಲವು ಮಕ್ಕಳ ಹಲ್ಲು ಹಳದಿ ಇರುತ್ತಿತ್ತು. ಕೆಲವರ ಹಲ್ಲಿನ ಮೇಲೆ ಕಂದು ಗೆರೆ ಇರುತ್ತಿತ್ತು. "ಏನೇ, ಹಲ್ಲುಜ್ಜೋದಿಲ್ವಾ?" ಅಂತ ಎಲ್ಲರ ಮುಂದೆ ಬೈದೆವು.

ಒಂದು ದಿನ ರಾತ್ರಿ ತರಗತಿಯಲ್ಲಿ ಒಬ್ಬ ತಾಯಿ ಎದ್ದು ನಿಂತರು. "ಟೀಚರಮ್ಮ, ನನ್ನ ಮಗಳು ದಿನಾ ಹಲ್ಲುಜ್ಜುತಾಳೆ. ನೀವು ಬೈದಿರಿ ಅಂತ ಇಟ್ಟಿಗೆ ಪುಡೀಲಿ ತಿಕ್ಕಿದಳು. ಒಸಡಲ್ಲಿ ರಕ್ತ ಬಂತು. ಬಣ್ಣ ಮಾತ್ರ ಹೋಗಲಿಲ್ಲ. ಯಾಕೆ?" ಅಂದರು.

ನಮಗೆ ಉತ್ತರ ಗೊತ್ತಿರಲಿಲ್ಲ. ದಂತವೈದ್ಯರನ್ನು ಕೇಳಿದೆವು. ಆಗ ತಿಳಿಯಿತು. ತಪ್ಪು ಹುಡುಗಿಯದಲ್ಲ. ತಪ್ಪು ಕುಡಿಯುವ ನೀರಿನದು. ನೀರಿನಲ್ಲಿ ಫ್ಲೋರೈಡ್ ಎಂಬ ಲವಣ ಹೆಚ್ಚಾಗಿತ್ತು.

"ಅದೇನು ಟೀಚರಮ್ಮ, ಪೇಸ್ಟಿನ ಡಬ್ಬಿ ಮೇಲೂ ಫ್ಲೋರೈಡ್ ಅಂತ ಬರೆದಿದೆಯಲ್ಲ? ಅದು ಹಲ್ಲಿಗೆ ಒಳ್ಳೇದು ಅಂತಾರಲ್ಲ?" ಅಂತ ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಸಾರಿಗೆ ಉಪ್ಪು ಬೇಕು. ಹಿಡಿ ಉಪ್ಪು ಸುರಿದರೆ ಸಾರು ಬಾಯಿಗಿಡಲು ಆಗುತ್ತದೆಯೇ? ಫ್ಲೋರೈಡ್ ಕೂಡ ಹಾಗೆಯೇ. ಹದವಾಗಿದ್ದರೆ ಹಲ್ಲು ಕಾಯುತ್ತದೆ. ಹದ ಮೀರಿದರೆ ಹಲ್ಲನ್ನೂ ಮೂಳೆಯನ್ನೂ ಕೆಡಿಸುತ್ತದೆ.

ಮೊದಲು ಒಳ್ಳೆಯದನ್ನು ನೋಡೋಣ.

ಹುಳುಕು ಹಲ್ಲು ಅನ್ನುತ್ತೇವೆ. ಹೊಗೆ ಹಾಕಿ ಹುಳ ತೆಗೆಯುತ್ತೇವೆ ಅಂತ ಕೆಲವರು ದುಡ್ಡು ಕೀಳುತ್ತಾರೆ. ನಿಜವಾಗಿ ಹಲ್ಲಿನೊಳಗೆ ಹುಳ ಇರುವುದಿಲ್ಲ. ಬಾಯಲ್ಲಿ ಕಣ್ಣಿಗೆ ಕಾಣದ ರೋಗಾಣುಗಳಿವೆ. ನಾವು ತಿಂದ ಸಕ್ಕರೆ, ಬೆಲ್ಲ, ಬಿಸ್ಕತ್ತು ಹಲ್ಲಿಗೆ ಅಂಟಿರುತ್ತದೆ. ಅದನ್ನು ರೋಗಾಣುಗಳು ತಿಂದು ಹುಳಿ ಮಾಡುತ್ತವೆ. ಆ ಹುಳಿ ಹಲ್ಲಿನ ಗಟ್ಟಿ ಹೊದಿಕೆಯನ್ನು ಕರಗಿಸುತ್ತದೆ. ತೂತು ಬೀಳುತ್ತದೆ.

ಫ್ಲೋರೈಡ್ ಏನು ಮಾಡುತ್ತದೆ? ಕರಗಲು ಶುರುವಾದ ಹೊದಿಕೆಯನ್ನು ಮತ್ತೆ ಗಟ್ಟಿ ಮಾಡಲು ಸಹಾಯ ಮಾಡುತ್ತದೆ. ಹಲ್ಲು ಹುಳಿಗೆ ಸುಲಭವಾಗಿ ಕರಗುವುದಿಲ್ಲ. ಆದರೆ ತೂತು ಬಿದ್ದ ಮೇಲೆ ಫ್ಲೋರೈಡ್ ಅದನ್ನು ಮುಚ್ಚುವುದಿಲ್ಲ. ಅದಕ್ಕೆ ದಂತವೈದ್ಯರೇ ಬೇಕು.

ಫ್ಲೋರೈಡ್ ಪೇಸ್ಟನ್ನು ಹೀಗೆ ಬಳಸಬೇಕು:

ದಿನಕ್ಕೆ 2 ಸಲ ಹಲ್ಲುಜ್ಜಿ. ರಾತ್ರಿ ಮಲಗುವ ಮುಂಚೆ ಉಜ್ಜುವುದನ್ನು ಮರೆಯಬೇಡಿ.

3 ವರ್ಷದೊಳಗಿನ ಮಗುವಿಗೆ ಅಕ್ಕಿ ಕಾಳಿನಷ್ಟು ಪೇಸ್ಟ್ ಸಾಕು. 3ರಿಂದ 6 ವರ್ಷದ ಮಗುವಿಗೆ ಬಟಾಣಿ ಕಾಳಿನಷ್ಟು ಸಾಕು.

ಮಗು ಪೇಸ್ಟನ್ನು ನುಂಗಬಾರದು. ಉಗುಳುವುದನ್ನು ಕಲಿಸಿ. ಉಜ್ಜುವಾಗ ಹತ್ತಿರ ನಿಂತಿರಿ.

ದಂತವೈದ್ಯರು ಮಕ್ಕಳ ಹಲ್ಲಿಗೆ ಫ್ಲೋರೈಡ್ ವಾರ್ನಿಷ್ ಎಂಬ ಲೇಪ ಹಚ್ಚುವುದೂ ಉಂಟು. ಸಾಮಾನ್ಯವಾಗಿ ವರ್ಷಕ್ಕೆ 2 ಸಲ ಹಚ್ಚುತ್ತಾರೆ. ಸ್ವಲ್ಪ ಹೊತ್ತಿನ ಕೆಲಸ. ನೋವಿಲ್ಲ. ಅದು ನಿಮ್ಮ ಮಗುವಿಗೆ ಬೇಕೇ ಬೇಡವೇ ಅಂತ ವೈದ್ಯರೇ ಹೇಳಬೇಕು. ಹೋದಾಗ ನಿಮ್ಮ ಊರಿನ ನೀರಿನ ವಿಚಾರವನ್ನೂ ಅವರಿಗೆ ತಿಳಿಸಿ. ನೀರಲ್ಲೇ ಫ್ಲೋರೈಡ್ ಹೆಚ್ಚಿದ್ದರೆ ಸಣ್ಣ ಮಕ್ಕಳಿಗೆ ಯಾವ ಪೇಸ್ಟ್ ಆಗಬಹುದು ಅಂತ ಕೇಳಿ.

ಈಗ ಕೆಟ್ಟದ್ದನ್ನು ನೋಡೋಣ.

ಅಮೆರಿಕ ದೇಶದಲ್ಲಿ ಕೊಲೊರಾಡೊ ಸ್ಪ್ರಿಂಗ್ಸ್ ಅಂತ ಒಂದು ಊರಿದೆ. 1901ರಲ್ಲಿ ಮೆಕೆ ಎಂಬ ದಂತವೈದ್ಯರು ಆ ಊರಿಗೆ ಬಂದರು. ಅಲ್ಲಿ ಹುಟ್ಟಿ ಬೆಳೆದವರ ಹಲ್ಲು ಕಂದು ಬಣ್ಣ ಇತ್ತು. ಆದರೆ ಆ ಹಲ್ಲು ಹುಳುಕಾಗುವುದು ಕಡಿಮೆ! ಯಾಕೆ ಅಂತ ಅವರು ಹುಡುಕುತ್ತಲೇ ಇದ್ದರು. 30 ವರ್ಷ ಆದ ಮೇಲೆ, 1931ರಲ್ಲಿ, ನೀರಿನಲ್ಲಿರುವ ಫ್ಲೋರೈಡೇ ಕಾರಣ ಅಂತ ಗೊತ್ತಾಯಿತು. ಹಲ್ಲು ಕಾಯುವುದೂ ಅದೇ, ಬಣ್ಣ ಕೆಡಿಸುವುದೂ ಅದೇ. ನಮ್ಮ ದೇಶದಲ್ಲಿ 1937ರಲ್ಲಿ ನೆಲ್ಲೂರು ಜಿಲ್ಲೆಯ ಜನರಲ್ಲಿ ಈ ಕಾಯಿಲೆಯನ್ನು ವೈದ್ಯರು ಗುರುತಿಸಿದರು. ಇದರ ಹೆಸರು ಫ್ಲೋರೋಸಿಸ್.

ನಮ್ಮ ಬಯಲುಸೀಮೆಯಲ್ಲೂ ಈ ಕಷ್ಟ ಇದೆ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಹಲವು ಹಳ್ಳಿಗಳಲ್ಲಿ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಹೆಚ್ಚು. ಯಾಕೆ? ನೆಲದಡಿಯ ಬಂಡೆಯಲ್ಲಿ ಫ್ಲೋರೈಡ್ ಇದೆ. ನೀರು ಬಹಳ ಕಾಲ ಬಂಡೆಯ ಸಂದಿಯಲ್ಲಿ ನಿಂತಾಗ ಅದು ನೀರಿಗೆ ಇಳಿಯುತ್ತದೆ. ಆ ನೀರು ಕಣ್ಣಿಗೆ ತಿಳಿಯಾಗಿರುತ್ತದೆ. ವಾಸನೆ ಇಲ್ಲ. ಕುಡಿದರೆ ಗೊತ್ತಾಗುವುದಿಲ್ಲ.

ಮಗುವಿನ ಹಲ್ಲು ಒಸಡಿನೊಳಗೆ ಬೆಳೆಯುತ್ತಿರುವಾಗಲೇ ಕಲೆ ಆಗುತ್ತದೆ. ಹುಟ್ಟಿದಾಗಿನಿಂದ ಸುಮಾರು 8 ವರ್ಷದವರೆಗೆ ಜೋಪಾನ ಮಾಡಬೇಕು. ಒಮ್ಮೆ ಆದ ಕಲೆ ಉಜ್ಜಿದರೆ ಹೋಗದು. ಬೂದಿ, ಇಟ್ಟಿಗೆ ಪುಡಿ ಹಾಕಿ ತಿಕ್ಕಿದರೆ ಹಲ್ಲು ಸವೆಯುತ್ತದೆ, ಅಷ್ಟೇ. ದೊಡ್ಡವರು ಫ್ಲೋರೈಡ್ ಬಹಳ ಹೆಚ್ಚಿರುವ ನೀರನ್ನು ಬಹಳ ವರ್ಷ ಕುಡಿದರೆ ಕೀಲು ನೋಯುತ್ತದೆ, ಕುತ್ತಿಗೆ, ಸೊಂಟ ಬಿಗಿಯುತ್ತದೆ. ಕೆಲವರ ಬೆನ್ನೇ ಬಾಗುತ್ತದೆ.

ಹಾಗಾದರೆ ನಾವು ಏನು ಮಾಡಬೇಕು? ಮೊದಲು ನೀರನ್ನು ಪರೀಕ್ಷೆ ಮಾಡಿಸಬೇಕು. ಗ್ರಾಮ ಪಂಚಾಯಿತಿಗೆ ಹೋಗಿ ಕೇಳಿ. ಜಲ ಜೀವನ್ ಮಿಷನ್ ಯೋಜನೆ 2019ರಲ್ಲಿ ಶುರುವಾಯಿತು. ಪ್ರತಿ ಹಳ್ಳಿಯಲ್ಲಿ 5 ಜನ ಹೆಂಗಸರಿಗೆ ನೀರಿನ ಪರೀಕ್ಷೆ ಕಲಿಸಬೇಕು ಅಂತ ಅದರಲ್ಲಿದೆ. ನಮ್ಮ ಊರಲ್ಲಿ ಆ 5 ಜನ ಯಾರು? ನೀವೇ ಯಾಕೆ ಆಗಬಾರದು?

ಪರೀಕ್ಷೆಯ ಚೀಟಿಯನ್ನು ಬೇರೆಯವರ ಕೈಗೆ ಕೊಡಬೇಡಿ. ನೀವೇ ಓದಿ. ಫ್ಲೋರೈಡ್ ಅಂತ ಬರೆದ ಸಾಲು ಹುಡುಕಿ. ಅದರ ಮುಂದೆ ಒಂದು ಅಂಕಿ ಇರುತ್ತದೆ. ಅಂಕಿಯ ನಡುವೆ ಚುಕ್ಕೆ ಇದ್ದರೆ ಗಮನಿಸಿ. 1.5 ಅಂದರೆ ಹದಿನೈದಲ್ಲ, ಒಂದೂವರೆ. ಒಂದು ಲೀಟರ್ ನೀರಲ್ಲಿ ಇಷ್ಟು ಮಿಲಿಗ್ರಾಂ ಫ್ಲೋರೈಡ್ ಇದೆ ಅಂತ ಅದರ ಅರ್ಥ. 1ರ ಒಳಗಿದ್ದರೆ ಒಳ್ಳೆಯದು. ಬೇರೆ ನೀರು ಸಿಗದೇ ಇದ್ದಾಗ 1.5ರವರೆಗೆ ಕುಡಿಯಬಹುದು ಅಂತ ನಮ್ಮ ದೇಶದ ನಿಯಮ. ಅದಕ್ಕಿಂತ ಹೆಚ್ಚಾದರೆ ಆ ನೀರು ಕುಡಿಯಬೇಡಿ.

ಕಾಯಿಸಿದರೆ ಹೋಗುತ್ತದಲ್ಲ ಅನ್ನಬೇಡಿ. ಕಾಯಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಇಂಗಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗದು.

ಕುಡಿಯಲು ಮತ್ತು ಅಡುಗೆಗೆ ಮಾತ್ರ ಬೇರೆ ನೀರು ತನ್ನಿ. ಸ್ನಾನಕ್ಕೆ, ಬಟ್ಟೆಗೆ, ಪಾತ್ರೆಗೆ ಬೋರ್ ನೀರೇ ಸಾಕು. ಊರಲ್ಲಿ ಶುದ್ಧ ನೀರಿನ ಘಟಕ ಇದ್ದರೆ ಅಲ್ಲಿಂದ ತನ್ನಿ. ಆ ನೀರನ್ನೂ ಆಗಾಗ ಪರೀಕ್ಷೆ ಮಾಡಿಸಿ. ಘಟಕ ಕೆಟ್ಟು ನಿಂತಿದ್ದರೆ ಪಂಚಾಯಿತಿಗೆ ಅರ್ಜಿ ಬರೆಯಿರಿ. ಮಳೆ ನೀರಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಚಾವಣಿಯ ನೀರನ್ನು ಶುದ್ಧವಾಗಿ ಹಿಡಿದು, ಮುಚ್ಚಿಟ್ಟು, ಕಾಯಿಸಿ ಕುಡಿಯಬಹುದು. ರಾಗಿ, ಹಾಲು, ಮೊಸರು, ಸೊಪ್ಪು, ನೆಲ್ಲಿಕಾಯಿ ತಿನ್ನಿ. ಮಕ್ಕಳಿಗೂ ಕೊಡಿ. ಮೂಳೆಗೆ ಬಲ ಬರುತ್ತದೆ.

ಆ ಹುಡುಗಿಯ ವಿಚಾರಕ್ಕೆ ಬರೋಣ. ನಾವು ಅವಳನ್ನು ಎಲ್ಲರ ಮುಂದೆ ಬೈದಿದ್ದೆವು. ಎಲ್ಲರ ಮುಂದೆಯೇ "ತಪ್ಪಾಯ್ತು ಮಗಳೇ" ಅಂದೆವು. ಅವಳು ತಲೆ ತಗ್ಗಿಸಿಕೊಂಡೇ ಇದ್ದಳು. ನಗುವಾಗ ಈಗಲೂ ಬಾಯಿಗೆ ಕೈ ಅಡ್ಡ ಇಡುತ್ತಾಳೆ. ನಾಳೆ ಗಂಡಿನ ಕಡೆಯವರು ಬಂದು ಹಲ್ಲು ನೋಡಿ ಏನಂತಾರೋ ಅಂತ ಅವಳ ತಾಯಿಗೆ ಚಿಂತೆ. ಕಲೆ ಕಾಣದ ಹಾಗೆ ದಂತವೈದ್ಯರು ಸ್ವಲ್ಪ ಮಟ್ಟಿಗೆ ಸರಿಮಾಡಬಲ್ಲರು. ಅದಕ್ಕೆ ಖರ್ಚು ಉಂಟು.

ಅವಳಿಗೆ 2 ವರ್ಷದ ಒಬ್ಬ ತಮ್ಮ ಇದ್ದಾನೆ. ಅವನ ದೊಡ್ಡ ಹಲ್ಲುಗಳು ಇನ್ನೂ ಒಸಡಿನೊಳಗೆ ಬೆಳೆಯುತ್ತಿವೆ. ಅವನ ತಾಯಿ ಈಗ ಅವನಿಗೆ ಅಂತ ಬೇರೆ ಕೊಡದಲ್ಲಿ ನೀರು ತರುತ್ತಾರೆ. ಆ ಕೊಡದ ಮೇಲೆ ಸೀಮೆಸುಣ್ಣದಿಂದ ಎರಡು ಪದ ಬರೆದಿದ್ದಾರೆ. ಅವರೇ ಕಲಿತು ಬರೆದ ಪದಗಳು: ಕುಡಿಯುವ ನೀರು.

ನಾಳೆ ಬರುವಾಗ ನಿಮ್ಮ ನಿಮ್ಮ ಕೇರಿಯ ಬೋರ್‌ವೆಲ್ ಎಲ್ಲಿದೆ ಅಂತ ಬರೆದುಕೊಂಡು ಬನ್ನಿ. ಎಲ್ಲರೂ ಸೇರಿ ಪಂಚಾಯಿತಿಗೆ ಅರ್ಜಿ ಬರೆಯೋಣ. ಕೆಳಗೆ ಹೆಬ್ಬೆಟ್ಟು ಬೇಡ. ನಿಮ್ಮ ಸಹಿ ಇರಲಿ.